ಲಾಡ್ಜಿನ ರೂಮಿನಲ್ಲಿ ಅಮ್ಮನ ಒಲೆ

ಊರಿಗೆ ಹೊರಡುವ ದಿನ ಅಮ್ಮನ ಬ್ಯಾಗ್ ಎತ್ತಿ ಕಾರಿನ ಡಿಕ್ಕಿಗೆ ಇಡಲು ಹೋದ ನನ್ನ ಗಂಡ, "ಏನತ್ತೆ, ಮಧುಗಿರಿ ಬೆಟ್ಟಾನ ಇಲ್ಲಿಂದಲೇ ತಗೊಂಡು ಹೋಗ್ತಿದ್ದೀರಾ?" ಅಂದ. ಅಮ್ಮ ನಕ್ಕು ಸುಮ್ಮನಾದಳು.

ಬ್ಯಾಗ್ ತೆಗೆದು ನೋಡಿದೆ. ಇಂಡಕ್ಷನ್ ಒಲೆ. ಒಂದೂವರೆ ಲೀಟರಿನ ಎಲೆಕ್ಟ್ರಿಕ್ ಕೆಟಲ್. ದಪ್ಪ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಸೇರಿಸುವ ಕನ್ವರ್ಟರ್. ಎರಡು ಸ್ಟೀಲ್ ಪಾತ್ರೆ, ರಾಗಿ ಹಿಟ್ಟು, ಮಗುವಿನ ರಾಗಿ ಸರಿ ಪುಡಿ, ಸಾರಿನ ಪುಡಿ. ಎಲ್ಲದರ ಕೆಳಗೆ, ಟವೆಲ್ಲಿನಲ್ಲಿ ಸುತ್ತಿದ ಮುದ್ದೆ ಕೋಲು.

"ಅಮ್ಮ, ನಾವು ಹೋಗ್ತಿರೋದು ಟ್ರಿಪ್ಪಿಗೆ ಕಣಮ್ಮ. ಎರಡು ದಿನ ಆರಾಮಾಗಿರು."

"ನಿಮ್ಮಪ್ಪಂಗೆ ಶುಗರ್ ಇದೆ. ಮಗೂಗೆ ಖಾರ ಆಗಲ್ಲ. ನೀನು ಆರಾಮಾಗಿರು, ನಾನಿದ್ದೀನಲ್ಲ."

ನಾನು ಮತ್ತೆ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಸಮಾಧಾನವೇ ಆಯಿತು. ಈ ಪ್ರವಾಸಕ್ಕೆ ನಾನು ಲಾಡ್ಜಿನ ರೇಟಿಂಗ್ ನೋಡಿದ್ದೆ, ಪಾರ್ಕಿಂಗ್ ಇದೆಯಾ, ಬಿಸಿನೀರು ಬರುತ್ತಾ ಅಂತ ಕೇಳಿದ್ದೆ. ಒಂದೂಕಾಲು ವರ್ಷದ ಮಗ ಏನು ತಿಂತಾನೆ, ಅಪ್ಪ ಎಷ್ಟು ಹೊತ್ತಿಗೆ ಊಟ ಮಾಡಬೇಕು ಅನ್ನೋದನ್ನು ಮಾತ್ರ ಯೋಚಿಸಿರಲಿಲ್ಲ. ಅದು ಅಮ್ಮನ ಡಿಪಾರ್ಟ್‌ಮೆಂಟ್ ಅಂತ ಯಾರೂ ಹೇಳದೇನೇ ತೀರ್ಮಾನವಾಗಿತ್ತು.

ಅಪ್ಪನ ಊರು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಹೋದರೆ ಅಜ್ಜಿಯ ಮನೆ ತುಂಬಾ ಹೊಗೆ, ಹುರಿದ ಕಡಲೆಕಾಯಿಯ ವಾಸನೆ. ಅಜ್ಜಿ ಹೋದ ಮೇಲೆ ಮನೆ ಮಾರಿದೆವು. ಅದಾಗಿ ಹನ್ನೆರಡು ವರ್ಷ. ಮೊಮ್ಮಗನಿಗೆ ಊರು ತೋರಿಸಬೇಕು ಅಂತ ಅಪ್ಪ ಹಟ ಹಿಡಿದಿದ್ದರಿಂದ ಶಿವರಾತ್ರಿ ಮುಗಿದ ವಾರದಲ್ಲಿ ಹೊರಟೆವು. ಸ್ವಂತ ಊರಿಗೆ ಹೋಗಿ ಲಾಡ್ಜಿನಲ್ಲಿ ಉಳಿಯೋದು ನಮಗೆಲ್ಲ ಅದೇ ಮೊದಲು.

ಶುಕ್ರವಾರ ದಾಬಸ್‌ಪೇಟೆ ದಾಟಿ ಕೊರಟಗೆರೆ ಕಡೆ ತಿರುಗಿ, ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಕೈ ಮುಗಿದು, ಕತ್ತಲಾಗುವ ಹೊತ್ತಿಗೆ ಮಧುಗಿರಿ ಸೇರಿದೆವು. ರೂಮಿನ ಕಿಟಕಿ ತೆಗೆದರೆ ಎದುರಿಗೇ ಬೆಟ್ಟ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಶಾಲೆಯಲ್ಲಿ ಓದಿದ್ದೆ. ಅಪ್ಪ ಮಗುವನ್ನು ಎತ್ತಿಕೊಂಡು ಕಿಟಕಿ ಹತ್ತಿರ ನಿಂತು, "ನೋಡೋ, ನಮ್ಮೂರ ಕೋಟೆ" ಅಂತ ತೋರಿಸ್ತಿದ್ದರು. ಅಷ್ಟರಲ್ಲಿ ಅಮ್ಮ ಟೇಬಲ್ ಮೇಲೆ ಪೇಪರ್ ಹಾಸಿ ಇಂಡಕ್ಷನ್ ಇಟ್ಟಾಗಿತ್ತು.

ಅನ್ನಕ್ಕೆ ನೀರು ಕುದಿಯಲು ಇಟ್ಟು, ಪಕ್ಕದ ಸಾಕೆಟ್ಟಿಗೆ ಕೆಟಲ್ ಕೂಡ ಹಾಕಿದಳು. ಎರಡು ನಿಮಿಷ ಆಗಿರಬೇಕು. ಟಪ್ ಅಂತ ಸದ್ದು. ನಮ್ಮ ರೂಮಷ್ಟೇ ಅಲ್ಲ, ಇಡೀ ಮಹಡಿ ಕತ್ತಲು. ಕಾರಿಡಾರಿನಲ್ಲಿ ಬಾಗಿಲು ತೆರೆಯುವ ಸದ್ದು, ಯಾರೋ "ಕರೆಂಟ್ ಹೋಯ್ತಾ?" ಅನ್ನೋದು. ಮ್ಯಾನೇಜರ್ ಟಾರ್ಚ್ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಒಳಗೆ ಕಣ್ಣು ಹಾಯಿಸಿದರು.

"ಒಲೆ ಇಟ್ಟಿದ್ದೀರಾ ಅಮ್ಮಾ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ. "ವೈರಿಂಗ್ ಹಳೇದಮ್ಮ, ತಡೆಯಲ್ಲ" ಅಂದು ಕೆಳಗೆ ಹೋಗಿ ಎಂಸಿಬಿ ಮೇಲೆತ್ತಿದರು. ಬೈದಿದ್ದರೇ ವಾಸಿ ಅನ್ನಿಸುವಷ್ಟು ನಾಚಿಕೆಯಾಯಿತು.

ಲೆಕ್ಕ ಆಮೇಲೆ ಹಾಕಿದೆ. ಲಾಡ್ಜಿನ ಟೇಬಲ್ ಹತ್ತಿರ ಇರುವ ಸಣ್ಣ ಸಾಕೆಟ್ ಸಾಮಾನ್ಯವಾಗಿ 6 ಆಂಪಿಯರಿನದು. ನಮ್ಮ 230 ವೋಲ್ಟಿಗೆ ಗುಣಿಸಿದರೆ 1,380 ವಾಟ್, ಅಷ್ಟೇ ಅದರ ಮಿತಿ. ಇಂಡಕ್ಷನ್ ಪೂರ್ತಿ ಉರಿಯಲ್ಲಿ 2,000 ವಾಟ್ ಎಳೆಯುತ್ತದೆ, ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ನಮ್ಮ ಕೆಟಲ್ 1,500 ವಾಟ್. ಆ ಕನ್ವರ್ಟರ್ ಪ್ಲಗ್ ಮಾಡೋದು ಒಂದೇ ಕೆಲಸ: ಹೋಗಬಾರದ ಪಿನ್ನನ್ನು ಒಳಗೆ ಹೋಗುವಂತೆ ಮಾಡೋದು. ಒಳಗಿನ ತಂತಿ ದಪ್ಪ ಆಗಲ್ಲ. ಎಂಸಿಬಿ ಬಿದ್ದಿದ್ದು ನಮ್ಮ ಪುಣ್ಯ. ಅದು ಬೀಳದೇ ಹೋಗಿದ್ದರೆ ಗೋಡೆಯೊಳಗಿನ ತಂತಿ ಕಾಯುತ್ತಿತ್ತು.

ಅವತ್ತು ರಾತ್ರಿ ಮಗುವಿಗೆ ಬಾಳೆಹಣ್ಣು, ನಮಗೆ ಬುತ್ತಿಯಲ್ಲಿದ್ದ ಚಪಾತಿ. ಅಮ್ಮ ಸರಿಯಾಗಿ ಮಾತಾಡಲಿಲ್ಲ.

ಶನಿವಾರ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಬೇಗ ಹೊರಡಬೇಕಿತ್ತು. ತಡವಾದರೆ ಕ್ಯೂ ಉದ್ದ ಅಂತ ಅಪ್ಪನ ಆತಂಕ. ಐದು ಗಂಟೆಗೇ ಅಮ್ಮ ಎದ್ದಿದ್ದಾಳೆ. ಇಂಡಕ್ಷನ್ ಮುಟ್ಟಲಿಲ್ಲ. ದಾರಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ ಅಂತ ಕೆಟಲ್ ಮಾತ್ರ ಹಾಕಿದಳು. ಟೇಬಲ್ ಮೇಲೆ ನಮ್ಮ ಫೋನುಗಳು ಚಾರ್ಜ್ ಆಗ್ತಿದ್ದವು. ಅದಕ್ಕೆ ಮಂಚದ ಪಕ್ಕದ ಕುಳ್ಳು ಟೀಪಾಯಿ ಮೇಲೆ ಕೆಟಲ್ ಇಟ್ಟಳು. ವೈರ್ ಕೆಳಗೆ ಜೋತಾಡುತ್ತಿತ್ತು.

ಮಗ ಯಾವಾಗ ಮಂಚದಿಂದ ಇಳಿದನೋ ಗೊತ್ತಿಲ್ಲ. ನಾನು ಕಣ್ಣು ಬಿಟ್ಟಾಗ ಅವನ ಕೈಯಲ್ಲಿ ವೈರ್ ಇತ್ತು. ಕೂಗುವಷ್ಟು ಹೊತ್ತೂ ಇರಲಿಲ್ಲ. ಅಮ್ಮ ಅಲ್ಲೇ ಕೂತಿದ್ದವಳು ಎಡಗೈ ಅಡ್ಡ ಕೊಟ್ಟಳು. ಕೆಟಲ್ ಅವಳ ಕಡೆ ವಾಲಿತು.

ಮಗುವಿನ ಮೇಲೆ ಒಂದು ಹನಿ ಬೀಳಲಿಲ್ಲ. ಅಮ್ಮನ ಕೈ ಹಿಂಭಾಗ, ಮಣಿಕಟ್ಟಿನವರೆಗೆ, ನೋಡನೋಡುತ್ತಲೇ ಕೆಂಪಾಯಿತು.

"ಏನಿಲ್ಲ, ಏನಿಲ್ಲ, ಪೇಸ್ಟ್ ಕೊಡು" ಅಂದಳು. ನನ್ನ ಗಂಡ ಬಿಡಲಿಲ್ಲ. ಕೈ ಊದಿಕೊಳ್ಳುವ ಮೊದಲೇ ಬಳೆ ತೆಗೆಸಿದ. ಬಾತ್‌ರೂಮಿನ ನಲ್ಲಿ ಬಿಟ್ಟು, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿದ. ಪೇಸ್ಟ್ ಬೇಡ, ಐಸ್ ಬೇಡ, ಅರಿಶಿನ ಬೇಡ, ಬರೀ ನೀರು. ಆಫೀಸಿನ ಫಸ್ಟ್ ಏಯ್ಡ್ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ. ಆಮೇಲೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬ್ಯಾಂಡೇಜ್ ಕಟ್ಟಿ, "ನೀರು ಹಾಕಿದ್ದು ಒಳ್ಳೇದಾಯ್ತು" ಅಂದರು.

ಹೊರಗೆ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಾಗ ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು.

"ಯಾಕಮ್ಮ ಇದೆಲ್ಲ ಹೊತ್ಕೊಂಡು ಬಂದೆ? ಮಗು ಊಟ ಸರಿ. ಆ ಮುದ್ದೆ ಕೋಲು ಯಾಕೆ? ಲಾಡ್ಜಲ್ಲಿ ಯಾರಾದ್ರೂ ಮುದ್ದೆ ತಿರುವ್ತಾರಾ?"

ಅಮ್ಮ ಸ್ವಲ್ಪ ಹೊತ್ತು ಬ್ಯಾಂಡೇಜ್ ನೋಡುತ್ತಾ ಕೂತಳು.

"ಅದು ನಿಮ್ಮಜ್ಜಿದು ಕಣೇ. ಮನೆ ಮಾರೋವಾಗ ಅದೊಂದನ್ನ ಎತ್ತಿಟ್ಕೊಂಡಿದ್ದೆ. ಊರಿಗೆ ಬಂದು ಒಂದು ಹೊತ್ತೂ ಒಲೆ ಹಚ್ಚದೆ ಹೋದ್ರೆ ನಿಮ್ಮಪ್ಪಂಗೆ ಹೆಂಗನ್ಸುತ್ತೆ ಹೇಳು."

ನನ್ನ ಬಾಯಿ ಕಟ್ಟಿತು. ನಾನು ಅದನ್ನು ಶುಗರ್, ಖಾರ, ಖರ್ಚು ಉಳಿಸುವ ಹಳೇ ಕಾಲದ ಬುದ್ಧಿ ಅಂತೆಲ್ಲ ಅಂದುಕೊಂಡಿದ್ದೆ.

ಪಾವಗಡಕ್ಕೆ ಹೋಗಿದ್ದು ಮಧ್ಯಾಹ್ನ. "ದೇವರು ಎಲ್ಲಿಗೂ ಹೋಗಲ್ಲ ಬಿಡು" ಅಂದರು ಅಪ್ಪ. ಬೆಳಗ್ಗೆ ಕ್ಯೂ ಬಗ್ಗೆ ಆತಂಕಪಟ್ಟವರು ಅವರೇನಾ ಅನ್ನಿಸಿತು. ದಾರಿಯಲ್ಲಿ ಅವರೇ ಹೇಳಿದರು, ಇದೇ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟ್ ಅಂತ. "ಅಷ್ಟು ಕರೆಂಟ್ ಹುಟ್ಟೋ ಸೀಮೆಗೆ ಬಂದು ನಾವು ಒಂದು ಕೆಟಲ್ ಇಟ್ಟು ಫ್ಯೂಸ್ ಹಾರಿಸಿದ್ವಿ" ಅಂದ ನನ್ನ ಗಂಡ. ಬೆಳಗಿನಿಂದ ಮೊದಲ ಸಲ ಅಮ್ಮ ನಕ್ಕಳು.

ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. "ಚೆನ್ನಾಗಿ ಕುದಿಸಿದ್ರೆ ಆಯ್ತಲ್ಲ" ಅನ್ನೋದು ಅಮ್ಮನ ನಂಬಿಕೆ, ನನ್ನದೂ ಅದೇ ಆಗಿತ್ತು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಅಂದರೆ ಬೋರ್‌ವೆಲ್ ನೀರಿನ ವಿಷಯದಲ್ಲಿ ಕೆಟಲ್ ನಮ್ಮನ್ನು ಕಾಯೋದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡೆವು.

ರಾತ್ರಿ ಮಧುಗಿರಿಗೆ ವಾಪಸ್ ಬಂದಾಗ ಹಸಿವು. ಲಾಡ್ಜಿನ ಹುಡುಗ ಅಮ್ಮನ ಕೈ ನೋಡಿ, "ಎದುರುಗಡೆ ಮೆಸ್ಸಲ್ಲಿ ಕೇಳಿದ್ರೆ ಏನು ಬೇಕಾದ್ರೂ ಮಾಡ್ಕೊಡ್ತಿದ್ರಲ್ಲ ಅಕ್ಕ, ಒಂದು ಮಾತು ಕೇಳೋದಲ್ವಾ?" ಅಂದ.

ಒಂದು ಮಾತು. ಇಡೀ ಪ್ರವಾಸಕ್ಕೆ ನಾನು ಕೇಳದೇ ಬಿಟ್ಟಿದ್ದು ಅದೊಂದೇ.

ಮೆಸ್ಸು ಅಂದರೆ ಗಂಡ ಹೆಂಡತಿ ನಡೆಸುವ ನಾಲ್ಕು ಟೇಬಲ್ಲಿನ ಜಾಗ. ನಾನು ಹಿಂಜರಿಯುತ್ತಲೇ ರಾಗಿ ಸರಿ ಪುಡಿಯ ಡಬ್ಬಿ ಮುಂದಿಟ್ಟೆ. ಆಕೆ ಡಬ್ಬಿ ತಗೊಂಡು, ಮೂಸಿ ನೋಡಿ, "ಮೊಳಕೆ ಕಟ್ಟಿ ಮಾಡಿದ್ದಾ?" ಅಂತ ಅಮ್ಮನನ್ನು ಕೇಳಿದರು. ಅಮ್ಮ ಹೂಂ ಅಂದಳು. ಇಬ್ಬರಿಗೂ ಅಷ್ಟು ಸಾಕಾಯಿತು. ಚಿಕ್ಕ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಗಂಟಿಲ್ಲದೆ ಸರಿ ಕುದಿಸಿ ತಂದರು. ದುಡ್ಡು ಕೊಡಲು ಹೋದರೆ, "ಮಗೀನ್ ಊಟಕ್ಕೆ ಯಾರಾದ್ರೂ ದುಡ್ಡು ಇಸ್ಕೊಳ್ತಾರಾ, ಸುಮ್ಕಿರಿ" ಅಂದರು.

ನಮಗೆಲ್ಲ ಬಿಸಿ ಮುದ್ದೆ, ಸೊಪ್ಪಿನ ಸಾರು. ಅಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಅಮ್ಮ ಅವರನ್ನೇ ನೋಡುತ್ತಿದ್ದಳು. ಆಮೇಲೆ ಬಲಗೈಯಿಂದ ತಾನೂ ಉಣ್ಣತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು.

"ಇನ್ನೊಂದು ಅರ್ಧ ಮುದ್ದೆ ಹಾಕಮ್ಮ."

ನನಗೆ ಮೂವತ್ತೆರಡು ವರ್ಷ. ನಮ್ಮಮ್ಮ ಯಾರನ್ನಾದರೂ ಇನ್ನಷ್ಟು ಬಡಿಸಲು ಕೇಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ. ಮನೆಯಲ್ಲಿ ಅವಳು ಕೊನೆಗೆ ಉಣ್ಣುತ್ತಾಳೆ. ಆಗ ಕೇಳೋಕೆ ಯಾರೂ ಇರಲ್ಲ.

ಭಾನುವಾರ ಬೆಟ್ಟದ ಬುಡದಲ್ಲಿ ಫೋಟೋ ತೆಗೆಸಿಕೊಂಡು, ಶಿರಾ ದಾರಿ ಹಿಡಿದೆವು. ಹತ್ತಿರದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಕೆರೆಯಿಂದ ಮೀನು ಹೊತ್ತು ತಂದು ಮರಿಗಳಿಗೆ ಉಣಿಸುವ ಹಕ್ಕಿಗಳವು. "ಇವಕ್ಕೂ ತಪ್ಪಿಲ್ಲ ನೋಡು ಹೊರೋದು" ಅಂದಳು ಅಮ್ಮ. "ಅವುಗಳಲ್ಲಿ ಗಂಡು ಹೆಣ್ಣು ಎರಡೂ ತಂದು ಉಣ್ಸುತ್ತಮ್ಮ" ಅಂದೆ. ಅಪ್ಪ ಮರದ ಕಡೆಯೇ ನೋಡುತ್ತಾ ನಿಂತರು. ನನ್ನ ಗಂಡ ಮಾತ್ರ ಬಂದು ಅಮ್ಮನ ಕೈಯಲ್ಲಿದ್ದ ಬ್ಯಾಗ್ ಇಸಿದುಕೊಂಡ.

ಇದನ್ನೆಲ್ಲ ಓದಿ ಪ್ರವಾಸಕ್ಕೆ ಏನೂ ಒಯ್ಯಬೇಡಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಚಿಕ್ಕ ಮಗು, ವಯಸ್ಸಾದವರು ಇದ್ದರೆ ಒಂದು ಸಣ್ಣ ಸಾಮಾನು ಬೇಕೇ ಆಗುತ್ತದೆ. ನಾವೀಗ ಒಯ್ಯೋದು ಒಂದೇ, 300 ವಾಟಿನ ಪುಟ್ಟ ರೈಸ್ ಕುಕ್ಕರ್. ಸಣ್ಣ ಸಾಕೆಟ್ಟಿಗೆ ಅದು ಭಾರವಲ್ಲ. ಅದನ್ನೂ ಮೊದಲು ಲಾಡ್ಜಿನವರನ್ನು ಕೇಳಿ, ಪರದೆ ಹಾಸಿಗೆಗಳಿಂದ ದೂರ, ಗೋಡೆ ಪಕ್ಕದ ಎತ್ತರದ ಟೇಬಲ್ ಮೇಲೆ, ವೈರ್ ಹಿಂದಕ್ಕೆ ಸರಿಸಿ ಇಡುತ್ತೇವೆ. ರೂಮಿನಲ್ಲೇ ಕೊಟ್ಟಿರುವ ಕೆಟಲ್ಲಿನಲ್ಲಿ ಹಾಲು, ನೂಡಲ್ಸ್, ಮೊಟ್ಟೆ ಬೇಯಿಸೋದಿಲ್ಲ. ಅದು ನೀರಿಗಷ್ಟೇ ಮಾಡಿದ್ದು, ನಮ್ಮ ನಂತರ ಇನ್ನೊಬ್ಬರ ಮಗು ಅದರ ನೀರು ಕುಡಿಯುತ್ತದೆ. ಅಪ್ಪನಿಗೆ ಅಜ್ಜಿಯ ಕಾಲದ ಹುರಿಹಿಟ್ಟು. ಅರಳಿಸಿದ ರಾಗಿಯ ಆ ಹಿಟ್ಟಿಗೆ ಮಜ್ಜಿಗೆ, ಚಿಟಿಕೆ ಉಪ್ಪು ಹಾಕಿ ಕಲಸಿದರೆ ಮುಗೀತು. ಒಲೆಯೂ ಬೇಡ, ಪ್ಲಗ್ಗೂ ಬೇಡ.

ರೂಮ್ ಬುಕ್ ಮಾಡುವಾಗ ಪಾರ್ಕಿಂಗ್ ಜೊತೆಗೆ ಅಡುಗೆಮನೆಯ ಬಗ್ಗೆಯೂ ಕೇಳೋದು ಈಗ ನನ್ನ ಕೆಲಸ. "ಮಗುವಿಗೆ ಸರಿ ಕುದಿಸಿಕೊಡ್ತೀರಾ?" ಅಂತ ಫೋನಿನಲ್ಲಿ ಕೇಳಲು ಅರ್ಧ ನಿಮಿಷ ಸಾಕು. ಇದುವರೆಗೆ ಒಬ್ಬರೂ ಇಲ್ಲ ಅಂದಿಲ್ಲ.

ಅಮ್ಮನ ಕೈ ವಾಸಿಯಾಗಿದೆ. ಮಣಿಕಟ್ಟಿನ ಹತ್ತಿರ ಮಾತ್ರ ಒಂದು ಕಲೆ ಉಳಿದಿದೆ, ಬಳೆ ಸರಿದಾಗ ಕಾಣುತ್ತದೆ. ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ನಿನ್ನೆ ಅವಳ ಬ್ಯಾಗ್ ಎತ್ತಿ ನೋಡಿದೆ, ಹಗುರವಾಗಿತ್ತು. ಹುರಿಹಿಟ್ಟಿನ ಡಬ್ಬಿ, ಮಗುವಿನ ಬಟ್ಟಲು, ಅಪ್ಪನ ಮಾತ್ರೆ. ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಮುದ್ದೆ ಕೋಲು.

ಈ ಸಲ ನಾನು ಯಾಕೆ ಅಂತ ಕೇಳಲಿಲ್ಲ. ಅಡುಗೆಮನೆ ಇರುವ ಒಂದು ಮನೆಯನ್ನೇ ಬುಕ್ ಮಾಡಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕೋಲು ಅವಳದೇ, ತಿರುವೋದು ನಾನು.