ಅಟ್ಟದ ಮೆಟ್ಟಿಲು, ಜಾಲಹಳ್ಳಿಯ ಚಿರತೆ

ಪರೀಕ್ಷೆ ಮುಗಿಸಿ ಮೊಮ್ಮಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಳು. ಐದನೆಯ ತರಗತಿ ಮುಗಿದಿದೆ. ಕಲಿಯುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದ ಮಾತು ಸರಾಗ, ಓದು ಮಾತ್ರ ಎಡವುತ್ತ ಎಡವುತ್ತ. ಅವಳು ಬರುವ ಮೊದಲೇ ನಾನು ಬೇಸಿಗೆಗೆಂದು ಹತ್ತು ಪುಸ್ತಕಗಳ ಪಟ್ಟಿ ಮಾಡಿಟ್ಟಿದ್ದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನೋಡಿ, ಸುಮ್ಮನಿರುವುದಿಲ್ಲ. ಕ್ರಮಸಂಖ್ಯೆ, ಪುಸ್ತಕ, ಲೇಖಕರು, ಓದಿ ಮುಗಿಸಬೇಕಾದ ತಾರೀಖು ಎಂದು ನಾಲ್ಕು ಕಾಲಂ ಎಳೆದಿದ್ದೆ.

ಅದನ್ನು ಕಂಡು ನನ್ನ ಹೆಂಡತಿ, "ಹುಡುಗಿ ಸೂಟಿಗೆ ಬಂದಾಳೋ, ಇನ್ನೊಂದು ಪರೀಕ್ಷಾ ಕೊಡ್ಲಿಕ್ಕೆ ಬಂದಾಳೋ?" ಎಂದಳು. ನಾನು ಕೇಳದವನಂತೆ ಪಟ್ಟಿ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಅಜ್ಜ ಮೊಮ್ಮಗಳು ಚಿಗರಿ ಬಸ್ಸು ಹತ್ತಿ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಇಳಿದೆವು. ಅಲ್ಲಿಂದ ಸುಭಾಸ ರಸ್ತೆಗೆ ನಡೆದೆವು. ನನಗೆ ಮೊದಲು ಅವಳಿಗೆ ತೋರಿಸಬೇಕಾಗಿದ್ದದ್ದು ಮನೋಹರ ಗ್ರಂಥಮಾಲೆಯ 'ಅಟ್ಟ'. 1933ರಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಪ್ರಕಾಶನ ಸಂಸ್ಥೆ ಅದು. ಅವರ ಕಾವ್ಯನಾಮ ಜಡಭರತ. ಓದುಗರಿಂದ ಚಂದಾ ಪಡೆದು ಮನೆಮನೆಗೆ ಪುಸ್ತಕ ಮುಟ್ಟಿಸಿದವರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಆಗ ಕಾರ್ನಾಡರಿಗೆ ಇಪ್ಪತ್ಮೂರು ವರ್ಷ.

ನಾನು ಧಾರವಾಡದ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಪಗಾರದ ದಿನ ಸಂಜೆ ಈ ಮೆಟ್ಟಿಲು ಹತ್ತುತ್ತಿದ್ದೆ. ಆಗ ಎರಡೆರಡು ಮೆಟ್ಟಿಲು ಒಮ್ಮೆಗೇ. ಈಗ ಮೊಮ್ಮಗಳು ಮುಂದೆ ಹತ್ತಿ, ತಿರುಗಿ ನಿಂತು ಕೈಕೊಟ್ಟಳು.

ಅಲ್ಲಿ ನಾನು ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' ಕೈಗೆತ್ತಿಕೊಂಡೆ. ನನ್ನ ಬಳಿ ಇದ್ದ ಪ್ರತಿಯನ್ನು ಯಾರೋ ಒಯ್ದವರು ಮರಳಿಸಿರಲಿಲ್ಲ. ಮೊಮ್ಮಗಳು ಕೇಳಿದಳು:

"ಅಜ್ಜಾ, ಮುಂದಿನ ವಾರ ನಿನ್ನ ಕಣ್ಣಿನ ಆಪರೇಷನ್ ಅಲ್ವಾ? ಇದನ್ನ ಯಾರು ಓದ್ತಾರೆ?"

ನಾನು ಉತ್ತರ ಕೊಡಲಿಲ್ಲ. ಪೊರೆ ತೆಗೆದ ಮೇಲೆ ಹೊಸ ಕನ್ನಡಕ ಬರುವವರೆಗೆ ಓದಿ ಕಣ್ಣು ದಣಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಶಸ್ತ್ರಚಿಕಿತ್ಸೆಗಿಂತ ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಆಮೇಲೆ ಮಕ್ಕಳ ಪುಸ್ತಕಗಳೂ ಸಿಗುವ ಇನ್ನೊಂದು ಅಂಗಡಿಗೆ ಹೋದೆವು. ಪಟ್ಟಿ ಹೊರತೆಗೆದೆ. ಗೊರೂರರ 'ನಮ್ಮ ಊರಿನ ರಸಿಕರು', ಮಾಸ್ತಿಯವರ ಕಥೆಗಳು, ಕಾರಂತರದೊಂದು. ಅವಳು ಬೆರಳಿಟ್ಟು ಹತ್ತೂ ಹೆಸರು ಓದಿ ತಲೆಯೆತ್ತಿದಳು.

"ಇದು ನನ್ನ ಲಿಸ್ಟಾ, ನಿನ್ನದಾ?"

ಕೇಳಿದ್ದು ಮುಗ್ಧವಾಗಿಯೇ. ಆದರೆ ಅಲ್ಲೇ ನಿಂತು ಯೋಚಿಸಿದೆ. ಹತ್ತೂ ನಾನು ಪ್ರೀತಿಸಿದ ಪುಸ್ತಕಗಳು. ಕಣ್ಣು ಮಂಜಾಗುತ್ತ ಬಂದಂತೆ ಮತ್ತೊಮ್ಮೆ ಓದಬೇಕೆಂದು ನಾನೇ ಹಂಬಲಿಸಿದವು. ಅವಳ ಹೆಸರಿನಲ್ಲಿ ನನ್ನ ಖಾತೆಗೆ ಜಮಾ ಮಾಡಿಕೊಳ್ಳಲು ಹೊರಟಿದ್ದೆ!

"ಹೋಗು, ನಿನಗ ಬೇಕಾದ್ದು ನೀನೇ ಆರಿಸು" ಎಂದು ಪಟ್ಟಿ ಮಡಚಿದೆ.

ಅರ್ಧ ಗಂಟೆ ಕಳೆಯಿತು. ಅವಳು ಪುಸ್ತಕದ ನಡುವಿನ ಪುಟ ತೆರೆದು ಮೆಲ್ಲಗೆ ಓದುವಳು, ಬೇಸರವಾದರೆ ಇದ್ದಲ್ಲೇ ಇಡುವಳು. ಒಮ್ಮೆಲೇ ಕೂಗಿದಳು: "ಅಜ್ಜಾ, ಜಾಲಹಳ್ಳಿ! ನಮ್ಮ ಮೆಟ್ರೋ ಸ್ಟೇಷನ್ನು!"

ಅದು ಪೂರ್ಣಚಂದ್ರ ತೇಜಸ್ವಿಯವರ 'ಜಾಲಹಳ್ಳಿಯ ಕುರ್ಕ'. ಬೆಂಗಳೂರಿನಲ್ಲೇ ಬದುಕಿದ ಬೇಟೆಗಾರ ಕೆನೆತ್ ಆಂಡರ್ಸನ್ನರ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮಾಲೆಯದು. ಕುರ್ಕ ಅಂದರೆ ಚಿರತೆ. ಈಗ ಮೆಟ್ರೋ ಓಡುವ ಕಡೆ ಒಂದು ಕಾಲಕ್ಕೆ ಚಿರತೆ ಓಡಾಡಿತ್ತೆಂದರೆ ಅವಳಿಗೆ ನಂಬಿಕೆಯೇ ಇಲ್ಲ. ರಾತ್ರಿ ಹೆದರಿಯಾಳೆಂದು ನಾನು ಅನುಮಾನಿಸಿದೆ. ಅವಳು ಆಗಲೇ ಬಿಲ್ಲಿನ ಮೇಜಿಗೆ ಹೋಗಿದ್ದಳು. ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದೆವು.

ಆಪರೇಷನ್ನಿನ ಮೂರನೆಯ ದಿನ ಮಧ್ಯಾಹ್ನ ಅವಳೇ ನನ್ನ ಮಂಚದ ಪಕ್ಕ ಕುರ್ಚಿ ಎಳೆದು ಕೂತಳು. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತಿತ್ತು. ತಿದ್ದಬೇಕೆಂದು ನಾಲಿಗೆಯ ತುದಿಗೆ ಬಂದರೂ ಬಾಯಿ ಮುಚ್ಚಿಕೊಂಡೆ. ಚಿರತೆ ಹತ್ತಿರವಾದಂತೆ ಅವಳ ಓದಿಗೂ ವೇಗ ಬಂತು. ಮುಂದೇನಾಯಿತೆಂಬ ಆತುರವೇ ಮೇಷ್ಟ್ರು. ನನ್ನ ಹೆಂಡತಿಯೂ ಅಡುಗೆಮನೆಯ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಳು. ಹದಿನೈದು ದಿನಕ್ಕೆ ಪುಸ್ತಕ ಮುಗಿಯಿತು. ನಾನು ಗೊತ್ತುಮಾಡಿದ ತಾರೀಖಿಗಿಂತ ತಡವಾಗಿಯೇ ಎನ್ನಿ.

ಮರುದಿನ ಅವಳು ಕೇಳಿದಳು: "ನಿನ್ನ ಲಿಸ್ಟಿನಲ್ಲಿ ನಗಿಸೋ ಪುಸ್ತಕ ಯಾವುದು?"

ಗೊರೂರರ ಹೆಸರು ಹೇಳಿದೆ. ಅದು ನನ್ನ ಕಪಾಟಿನಲ್ಲೇ ಇತ್ತು, ಬೆನ್ನು ಹರಿದ ಹಳೆಯ ಪ್ರತಿ. ಅವಳು ಮೊದಲು ನಡುವಿನ ಪುಟ ತೆರೆದು ಪರೀಕ್ಷೆ ಮಾಡಿದಳು. ಪಾಸಾಯಿತು. ಆಮೇಲೆ ಮೊದಲ ಪುಟಕ್ಕೆ ಬಂದಳು.

ಅಜ್ಜ ಅಜ್ಜಿಯರೇ, ಪಟ್ಟಿ ಮಾಡಿ, ಆದರೆ ಜೇಬಿನಲ್ಲಿಡಿ. ಮಕ್ಕಳೇ, ನಿಮ್ಮ ಪುಸ್ತಕ ನೀವೇ ಆರಿಸಿ. ನಡುವಿನ ಒಂದು ಪುಟ ಓದಿ ನೋಡಿ, ಮುಂದಿನ ಪುಟ ತಿರುವಬೇಕೆನಿಸಿದರೆ ಅದೇ ನಿಮ್ಮದು. ಮತ್ತೆ, ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರ ಪಕ್ಕ ಕೂತು ಸ್ವಲ್ಪ ಗಟ್ಟಿಯಾಗಿ ಓದಿ.