ಕಪ್ಪಾದ ಆಯಿಲ್

"ಎಣ್ಣೆ ಕರ್ರಗಾಯ್ತು ಅಂದ್ರೆ ಎಂಜಿನ್ ಹಾಳಾಯ್ತು" ಅನ್ನೋದು ಅಪ್ಪನ ಲೆಕ್ಕ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗೋದು ಸಹಜ. ಮಸಿ ಗಟ್ಟಿಯಾಗಲು ಬಿಡದೆ ತೇಲಿಸಿಡೋದೇ ಅದರಲ್ಲಿರುವ ಡಿಸ್ಪರ್ಸೆಂಟ್ ಕೆಲಸ. ಸವೆತ ತಿಳಿಯೋದು ಬಣ್ಣದಿಂದಲ್ಲ, ಪಿಪಿಎಂ ಲೆಕ್ಕದಿಂದ, ಅಂದರೆ 10 ಲಕ್ಷ ಭಾಗದಲ್ಲಿ ಎಷ್ಟು ಭಾಗ ಲೋಹ ಇದೆ ಅನ್ನೋದರಿಂದ.

ನಮ್ಮ ಟ್ರ್ಯಾಕ್ಟರಿನ ಎರಡನೇ ಲ್ಯಾಬ್ ರಿಪೋರ್ಟಿನಲ್ಲಿ ಕಬ್ಬಿಣವೂ ಸಿಲಿಕಾನೂ ಒಟ್ಟಿಗೆ ಏರಿದ್ದವು. ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟಿನಿಂದಲೂ ಬರಬಹುದು. ಜೊತೆಗೆ ಕಬ್ಬಿಣವೂ ಏರಿದರೆ ಅನುಮಾನ ಧೂಳಿನ ಮೇಲೆ. ನೋಡಿದರೆ ಏರ್ ಕ್ಲೀನರ್ ಹೋಸ್ ಬಿರುಕು ಬಿಟ್ಟಿತ್ತು. ಹೊಲದ ಧೂಳು ಸೀದಾ ಲೈನರಿಗೆ!

ಅಂಗಡಿಯವರು ಕೊಟ್ಟಿದ್ದು ಮಾತ್ರ ಅಡಿಟಿವ್ ಬಾಟಲಿ. ಸವೆತ ತಡೆಯೋ ಸತು-ರಂಜಕದ ಸಂಯುಕ್ತ ಒಳ್ಳೆ ಆಯಿಲಿನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತೆ. ಇನ್ನಷ್ಟು ಸುರಿದರೆ ಧೂಳು ನಿಲ್ಲುತ್ತಾ? ಹೋಸ್ ಬದಲಿಸಿ ಹೊಸ ಆಯಿಲ್ ಹಾಕಿದ್ದೇವೆ. ಸವೆದ ಲೈನರ್ ವಾಪಸ್ ಬರಲ್ಲ. ಎಂಜಿನ್ ಬಿಚ್ಚೋದು ಈ ವರ್ಷವೇ ಬೇಕಾ ಅನ್ನೋದನ್ನ ಮುಂದಿನ ಸ್ಯಾಂಪಲ್ ನೋಡಿ ತೀರ್ಮಾನಿಸ್ತೇವೆ.