ಎಲ್ಲಾ ಬಾಗಿಲಿಗೂ ಕಾವಲು

2012ರಲ್ಲಿ, ಪುಣೆಗೆ ಬಂದ ಹೊಸದರಲ್ಲಿ, ಗ್ರಾಹಕರೊಬ್ಬರ ಕಚೇರಿಯ ಸಿಸ್ಕೊ 1841 ರೌಟರ್‌ಗೆ ಐಪಿಎಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ಅಲ್ಲಿ ಪಗಾರ. ರಾತ್ರಿಯೇ ಮುಗಿಸಬೇಕಿತ್ತು.

ಐಪಿಎಸ್ ಅಂದರೆ ಬರುವ ಪ್ಯಾಕೆಟ್‌ಗಳನ್ನು ಗೊತ್ತಿರುವ ದಾಳಿಗಳ ಗುರುತಿನೊಂದಿಗೆ ಹೋಲಿಸಿ, ತಾಳೆಯಾದರೆ ತಡೆಯುವ ವ್ಯವಸ್ಥೆ. ಆ ಗುರುತೇ ಸಿಗ್ನೇಚರ್. ಒಂದು ಫೈಲಿನಲ್ಲಿ ಇಂಥವು ಸಾವಿರಾರು. ಹಾಗಾಗಿ ಮೊದಲು ‘ಆಲ್’ ವರ್ಗವನ್ನು ಪೂರ್ತಿ ರಿಟೈರ್ ಮಾಡಿ, ನಂತರ ‘ಐಒಎಸ್ ಐಪಿಎಸ್ ಬೇಸಿಕ್’ ವರ್ಗವನ್ನಷ್ಟೇ ಬಳಕೆಗೆ ತಂದು, ಆಮೇಲೆ ಫೈಲ್ ಲೋಡ್ ಮಾಡಬೇಕು. ರಿಟೈರ್ ಆದ ಸಿಗ್ನೇಚರ್ ಫೈಲಿನಲ್ಲಿದ್ದರೂ ಕಂಪೈಲ್ ಆಗುವುದಿಲ್ಲ, ಮೆಮೊರಿ ತಿನ್ನುವುದಿಲ್ಲ.

ಇದನ್ನೆಲ್ಲ ಓದಿಯೇ ಹೋಗಿದ್ದೆ. ಆದರೂ, ರಕ್ಷಣೆ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ ಎಂದುಕೊಂಡು ‘ಆಲ್’ ಅನ್ನೇ ಚಾಲೂ ಮಾಡಿದೆ. ಕಂಪೈಲ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮೆಮೊರಿ ಸಾಲದೆಂಬ ಸಂದೇಶಗಳು. ಆಮೇಲೆ ಎಂಟರ್ ಒತ್ತಿದರೂ ಕನ್ಸೋಲ್ ಉಸಿರೆತ್ತಲಿಲ್ಲ. ಇಂಟರ್ನೆಟ್ಟೂ ಹೋಯಿತು.

ರಾತ್ರಿ ಒಂದು ಗಂಟೆಗೆ ವಿಜಯಪುರದ ನಮ್ಮ ಸೀನಿಯರ್‌ಗೆ ಫೋನ್ ಮಾಡಿದೆ.

“ರೈಟ್ ಮೆಮೊರಿ ಕೊಟ್ಟಿಯೇನು?”

“ಇಲ್ರಿ ಸರ್.”

“ಪುಣ್ಯಾ ಮಾಡಿದಿ. ಬಂದ್ ಮಾಡಿ ಮತ್ತ ಹಚ್ಚು.”

ಉಳಿಸದ ಕಾನ್ಫಿಗರೇಶನ್ ಅಳಿಸಿಹೋಗಿ, ರೌಟರ್ ಹಳೆಯ ಸ್ಥಿತಿಗೆ ಬಂತು. ಅವರು ಫೋನಿನಲ್ಲೇ ಇದ್ದು ಒಂದೊಂದೇ ಸಾಲು ಹಾಕಿಸಿದರು. ಕೊನೆಗೆ ಪಿಂಗ್ ಹಿಡಿಯುವ 2004ನೇ ಸಿಗ್ನೇಚರ್ ಅನ್ನು ಹೊತ್ತುಮಟ್ಟಿಗೆ ಎಬ್ಬಿಸಿ, ಪ್ಯಾಕೆಟ್ ಬಿಸಾಡುವಂತೆ ಮಾಡಿ, ಹೊರಗಿನಿಂದ ಪಿಂಗ್ ಕೊಟ್ಟರು. ಉತ್ತರ ಹೋಗಲಿಲ್ಲ. ಕಾವಲು ಎಚ್ಚರವಿತ್ತು. ಅದನ್ನು ಮತ್ತೆ ಮಲಗಿಸಿದೆವು.

“ತಮ್ಮಾ, ಎಲ್ಲಾ ಬಾಗಲಕ್ಕೂ ಪೊಲೀಸ್ ನಿಂದ್ರಿಸಿದ್ರ ಮನಿಯವ್ರು ಹ್ಯಾಂಗ್ ಓಡಾಡಬೇಕೋ?” ಅಂದು ಫೋನ್ ಇಟ್ಟರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಬೆಳಿಗ್ಗೆ ಲೆಕ್ಕದ ವಿಭಾಗದವರು ಎಂದಿನಂತೆ ಬ್ಯಾಂಕಿಗೆ ಫೈಲ್ ಕಳಿಸಿದರು. ಮಧ್ಯಾಹ್ನ ಚಹಾ ತಂದ ಹುಡುಗ ಪಗಾರದ ಎಸ್ಸೆಮ್ಮೆಸ್ ತೋರಿಸಿ ನಕ್ಕ. ಊರಿಗೆ ಅಂದೇ ದುಡ್ಡು ಕಳಿಸಬೇಕಂತೆ. ಅವನ ಮುಖ ನೋಡಲಾಗದೆ ಚಹಾ ಕುಡಿದೆ.

ಈಗ ನನ್ನ ಕೈಕೆಳಗೂ ಹೊಸ ಹುಡುಗರಿದ್ದಾರೆ. ಎಷ್ಟು ಸಿಗ್ನೇಚರ್ ಹಾಕಬೇಕೆಂದು ಕೇಳುತ್ತಾರೆ. ಆ ಕಚೇರಿಯಲ್ಲಿ ಏನೇನು ನಡೆಯುತ್ತದೆ, ಪಗಾರ ಯಾವತ್ತು, ಮೊದಲು ಕೇಳಿಕೊಂಡು ಬಾ ಅನ್ನುತ್ತೇನೆ.